ಪೇಪರ್ ನೆಗೆಟಿವ್‌ನಲ್ಲಿ ಕಾಂಟ್ರಾಸ್ಟ್ ಜಾಸ್ತಿಯಾಗ್ತಿದ್ಯಾ? ಪ್ರೀಫ್ಲ್ಯಾಶ್ ಮಾಡಿ ನೋಡಿ

ಕ್ಯಾಮೆರಾಗೆ ಫಿಲ್ಮ್ ಬದಲು ಮಲ್ಟಿಗ್ರೇಡ್ (ಬೆಳಕಿನ ಬಣ್ಣಕ್ಕೆ ತಕ್ಕಂತೆ ಕಾಂಟ್ರಾಸ್ಟ್ ಬದಲಾಗುವ) ಎನ್‌ಲಾರ್ಜಿಂಗ್ ಪೇಪರ್, ಅಂದ್ರೆ ಫೋಟೋ ಪ್ರಿಂಟ್ ಹಾಕೋ ಪೇಪರ್, ಹಾಕಿ ತೆಗೆಯುವವರ ಮಾಮೂಲಿ ತಲೆನೋವು ಇದು: ಆಕಾಶ ಸುಟ್ಟುಹೋಗಿರುತ್ತೆ, ನೆರಳಲ್ಲಿ ಏನೂ ಇರಲ್ಲ. ಹಗಲಿನ ನೀಲಿ ಬೆಳಕೇ ಈ ಪೇಪರಿನ ಕಾಂಟ್ರಾಸ್ಟ್ ಏರಿಸೋದು. ಪ್ರೀಫ್ಲ್ಯಾಶ್ ಅಂದ್ರೆ ಫೋಟೋ ತೆಗೆಯೋ ಮೊದಲೇ ಪೇಪರಿಗೆ ಚೂರು ಬೆಳಕು ಕೊಡೋದು; ಆಗ ನೆರಳಿನ ವಿವರವೂ ಮೂಡುತ್ತೆ, ಕಾಂಟ್ರಾಸ್ಟ್ ಇಳಿಯುತ್ತೆ.

ಡಾರ್ಕ್‌ರೂಮಿನ ಕೆಂಪು ಸೇಫ್‌ಲೈಟಿನಲ್ಲಿ, ನೆಗೆಟಿವ್ ಇಲ್ಲದ ಎನ್‌ಲಾರ್ಜರ್ (ನೆಗೆಟಿವನ್ನು ಪೇಪರ್ ಮೇಲೆ ದೊಡ್ಡದಾಗಿ ಬೀಳಿಸುವ ಯಂತ್ರ) ಕೆಳಗೆ, ಲೆನ್ಸನ್ನು ಎಫ್/22ಕ್ಕೆ ಇಳಿಸಿ, ಪಟ್ಟಿಯಿಂದ ಪಟ್ಟಿಗೆ ಒಂದೊಂದು ಸೆಕೆಂಡ್ ಬೆಳಕು ಹೆಚ್ಚಿಸುತ್ತಾ ಟೆಸ್ಟ್ ಸ್ಟ್ರಿಪ್ ಮಾಡಿ, ಡೆವಲಪ್ ಮಾಡಿ. ತೆಳು ಬೂದು ಮೊದಲು ಕಾಣಿಸಿದ ಪಟ್ಟಿ ಇದೆಯಲ್ಲ, ಅದರ ಹಿಂದಿನ ಪಟ್ಟಿಯ ಸಮಯವೇ ನಿಮ್ಮ ಪ್ರೀಫ್ಲ್ಯಾಶ್. ಒಣಗಿಸಿಯೇ ನೋಡಿ, ಒದ್ದೆ ಪೇಪರ್ ಮೋಸ ಮಾಡುತ್ತೆ. ಅಷ್ಟು ಬೆಳಕು ಕೊಟ್ಟ ಹಾಳೆಗಳನ್ನೇ ಕ್ಯಾಮೆರಾ ಹೋಲ್ಡರಿಗೆ ತುಂಬಿ.

ಪೇಪರಿನ ಸ್ಪೀಡ್ ಐಎಸ್‌ಓ 6 ಅಂತ ಶುರು ಮಾಡಿ: ಚುರುಕು ಬಿಸಿಲಿಗೆ ಎಫ್/16ರಲ್ಲಿ 1/6 ಸೆಕೆಂಡ್. ಸಂಜೆ ಬೆಳಕಲ್ಲಿ ನೀಲಿ ಕಡಿಮೆ, ಹಾಗಾಗಿ ಮೀಟರ್ ಹೇಳಿದ್ದಕ್ಕಿಂತ ಒಂದು ಸ್ಟಾಪ್ (ಅಂದ್ರೆ ಎರಡರಷ್ಟು ಬೆಳಕು) ಜಾಸ್ತಿ ಕೊಡಿ. ಕೆಂಪು ಬಣ್ಣವಂತೂ ಈ ಪೇಪರಿಗೆ ಕಾಣೋದೇ ಇಲ್ಲ. ಹಣೆಯ ಕುಂಕುಮ ಪ್ರಿಂಟಿನಲ್ಲಿ ಕಪ್ಪು ಬೊಟ್ಟಾಗುತ್ತೆ.

ಡೆಕ್ಟಾಲ್ ಡೆವಲಪರನ್ನು 1:2 ಬದಲು 1:6 ತೆಳು ಮಾಡಿ, 20 ಡಿಗ್ರಿಯಲ್ಲಿ ಎರಡು ನಿಮಿಷಕ್ಕಿಂತ ಸ್ವಲ್ಪ ಜಾಸ್ತಿ ಬಿಡಿ. ಕಪ್ಪಾಗ್ತಿದೆ ಅಂತ ಗಾಬರಿಯಾಗಿ ಬೇಗ ಎತ್ತಿದರೆ ಕಲೆ ಕಲೆಯಾಗುತ್ತೆ. ಅದರ ಬದಲು ಮುಂದಿನ ಹಾಳೆಗೆ ಎಕ್ಸ್‌ಪೋಶರ್ ಇಳಿಸಿ.

ಹಿಂಬದಿ ಕಂಪನಿ ಹೆಸರು ಅಚ್ಚಾದ ಪೇಪರ್ ಬೇಡವೇ ಬೇಡ, ಪೇಪರ್ ನೆಗೆಟಿವನ್ನು ಇನ್ನೊಂದು ಪೇಪರಿಗೆ ಒತ್ತಿಟ್ಟು ಮಾಡುವ ಕಾಂಟ್ಯಾಕ್ಟ್ ಪ್ರಿಂಟಿನಲ್ಲಿ ಆ ಅಕ್ಷರಗಳೂ ಮೂಡುತ್ತವೆ.