ಡಬ್ಬ ಬಿಚ್ಚಿ ನೋಡದೆ ಪಾರ್ಟ್ ತರಬೇಡಿ

ಮಂಡ್ಯದ ಅಶೋಕನಗರದಲ್ಲಿರುವ ನಮ್ಮ ಚಿಕ್ಕಪ್ಪನ ಮನೆ ಕಂಪ್ಯೂಟರ್ 2014ರದ್ದು. ತಂಗಿ ಇಂಜಿನಿಯರಿಂಗ್ ಸೇರಿದಾಗ ತಂದದ್ದು. ಅವಳು ಓದು ಮುಗಿಸಿ, ಕೆಲಸ ಹಿಡಿದು, ಮದುವೆಯಾಗಿ ಬೆಂಗಳೂರು ಸೇರಿದಳು. ಕಂಪ್ಯೂಟರ್ ಹಾಲ್‌ನ ಮೂಲೆಯಲ್ಲೇ ಉಳಿಯಿತು. ಈಗ ಚಿಕ್ಕಪ್ಪ ಅದರಲ್ಲಿ ಪಹಣಿ ತೆಗೆಯುತ್ತಾರೆ, ಕರೆಂಟ್ ಬಿಲ್ ಕಟ್ಟುತ್ತಾರೆ, ಸೊಸೈಟಿ ಸಭೆಯ ನೋಟಿಸನ್ನು ನುಡಿ ಎಂಬ ಕನ್ನಡ ಸಾಫ್ಟ್‌ವೇರ್‌ನಲ್ಲಿ ಟೈಪ್ ಮಾಡುತ್ತಾರೆ. ಬೆಳಿಗ್ಗೆ ಸ್ವಿಚ್ ಒತ್ತಿ ಕಾಫಿಗೆ ಕೂತರೆ ಲೋಟ ಖಾಲಿಯಾಗಿ, ಪೇಪರ್‌ನ ಮೊದಲ ಪುಟ ಮುಗಿದರೂ ಪರದೆ ಮೇಲೆ ಚಕ್ರ ತಿರುಗುತ್ತಲೇ ಇರುತ್ತಿತ್ತು. "ಇದ್ನ ಗುಜ್ರಿಗೆ ಹಾಕ್ಬುಟ್ಟು ಹೊಸ್ದು ತಕ್ಕೊಬುಡಾನ ಕನ್ಲಾ" ಎಂದರು.

ಹೋದ ದಸರಾ ರಜೆಯಲ್ಲಿ ಕೂತು ಅದನ್ನು ಸರಿ ಮಾಡಿದೆವು. ತಂದದ್ದು ಮೂರೇ ಸಾಮಾನು. ಅದರಲ್ಲೊಂದು ವಾಚ್ ರಿಪೇರಿ ಅಂಗಡಿಯಲ್ಲಿ ಸಿಕ್ಕಿತು. ಹತ್ತು ಹನ್ನೆರಡು ವರ್ಷದ ಕಂಪ್ಯೂಟರ್ ಎಷ್ಟೋ ಮನೆಗಳಲ್ಲಿ ಹೀಗೇ ಕೂತಿರುತ್ತದೆ, ಅಲ್ವಾ? ಅದಕ್ಕೆ ಏನು ಹಾಕಿಸಬೇಕು, ಏನು ಬೇಡ, ಯಾವುದು ಮೊದಲು ಎಂದು ನಾವು ಮಾಡಿದ ಕ್ರಮದಲ್ಲೇ ಹೇಳುತ್ತೇನೆ.

ಮೊದಲು ಕಾಯಿಲೆ ಯಾವುದು ನೋಡಿ

ಅಂಗಡಿಗೆ ಹೊರಡುವ ಮೊದಲು ಕಂಪ್ಯೂಟರ್ ಮುಂದೆ ಹತ್ತು ನಿಮಿಷ ಕೂತುಕೊಳ್ಳಿ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರು ಕೀಗಳನ್ನೂ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರಲ್ಲಿ ಪರ್ಫಾರ್ಮೆನ್ಸ್ ಅನ್ನುವ ಪುಟಕ್ಕೆ ಹೋಗಿ. ಈಗ ಬ್ರೌಸರ್ ತೆರೆಯಿರಿ, ಒಂದು ಫೈಲ್ ತೆರೆಯಿರಿ, ನೀವು ದಿನಾ ಮಾಡುವ ಕೆಲಸವನ್ನೇ ಮಾಡಿ. ಯಾವ ಗೆರೆ ಮೇಲಕ್ಕೆ ಹೋಗಿ ಅಲ್ಲೇ ನಿಂತುಬಿಡುತ್ತದೆ ಎಂದು ಗಮನಿಸಿ.

ಚಿಕ್ಕಪ್ಪನ ಮನೆಯಲ್ಲಿ ಡಿಸ್ಕ್ 100 ಶೇಕಡಾಕ್ಕೆ ಅಂಟಿಕೊಂಡಿತ್ತು. ಮೆಮೊರಿ, ಅಂದರೆ ರ‍್ಯಾಮ್, 4 ಜಿಬಿಯಲ್ಲಿ 3.6 ತುಂಬಿತ್ತು. ಪ್ರೊಸೆಸರ್ ಮಾತ್ರ 15ರ ಆಸುಪಾಸಿನಲ್ಲಿ ಆರಾಮಾಗಿತ್ತು. ಅಂದರೆ ಎಲ್ಲರೂ ಬೈಯುತ್ತಿದ್ದ ಪ್ರೊಸೆಸರ್ ತಪ್ಪೇ ಮಾಡಿರಲಿಲ್ಲ.

ಅದೇ ಪುಟದಲ್ಲಿ ಮೆಮೊರಿ ಮೇಲೆ ಒತ್ತಿದರೆ ಮದರ್‌ಬೋರ್ಡ್‌ನಲ್ಲಿ (ಎಲ್ಲ ಪಾರ್ಟ್ ಕೂರುವ ಮುಖ್ಯ ಹಲಗೆ) ರ‍್ಯಾಮ್‌ಗೆ ಎಷ್ಟು ಸ್ಲಾಟ್ ಇವೆ, ಎಷ್ಟು ತುಂಬಿವೆ ಎಂದೂ ತೋರಿಸುತ್ತದೆ. ಮದರ್‌ಬೋರ್ಡ್‌ನ ಹೆಸರು ತಿಳಿಯಲು ಸಿಪಿಯು-ಝಡ್ ಎಂಬ ಉಚಿತ ಸಾಫ್ಟ್‌ವೇರ್ ಸಾಕು. ಪ್ರೊಸೆಸರ್ ಹೆಸರು, ಬೋರ್ಡ್ ಹೆಸರು, ರ‍್ಯಾಮ್ ಯಾವ ಜಾತಿ, ಎಷ್ಟು ಸ್ಲಾಟ್ ಖಾಲಿ, ಇಷ್ಟನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಅಂಗಡಿಯಲ್ಲಿ ಆ ಚೀಟಿಯೇ ನಿಮ್ಮ ಬಲ. ಇನ್ನೊಂದು ಮಾತು. ನಾವೆಲ್ಲ ಇಡೀ ಡಬ್ಬಕ್ಕೇ ಸಿಪಿಯು ಅಂತೀವಿ. ಅಂಗಡಿಯಲ್ಲಿ "ಸಿಪಿಯು ಹಳೇದಾಗಿದೆ" ಅಂದರೆ ಅವರು ಪ್ರೊಸೆಸರ್ ಬದಲಿಸುವ ಮಾತು ಶುರು ಮಾಡಬಹುದು. ಡಬ್ಬಕ್ಕೆ ಕ್ಯಾಬಿನೆಟ್ ಅನ್ನಿ.

ಮುಚ್ಚಳ ತೆಗೆದರೆ ಅರ್ಧ ಕೆಲಸ

ಪ್ಲಗ್ ಕಿತ್ತು, ಪವರ್ ಬಟನ್ ಒಂದು ಸಲ ಒತ್ತಿ ಬಿಡಿ. ಒಳಗೆ ಉಳಿದ ಕರೆಂಟ್ ಇಳಿಯುತ್ತದೆ. ಆಮೇಲೆ ಎಡಗಡೆ ಮುಚ್ಚಳದ ಎರಡು ಸ್ಕ್ರೂ ಬಿಚ್ಚಿ. ಯಾವುದನ್ನೇ ಮುಟ್ಟುವ ಮೊದಲು ಕ್ಯಾಬಿನೆಟ್‌ನ ಬರೀ ಲೋಹವನ್ನು ಒಮ್ಮೆ ಮುಟ್ಟಿ. ಮೈಯಲ್ಲಿರುವ ಸ್ಟ್ಯಾಟಿಕ್ ಅಲ್ಲಿಗೆ ಹೋಗಲಿ.

ನಾವು ಮುಚ್ಚಳ ತೆಗೆದಾಗ ಮೊದಲು ಬಿದ್ದದ್ದು ಒಣಗಿದ ಸೇವಂತಿಗೆ ಎಸಳು. ಪ್ರತಿ ಆಯುಧಪೂಜೆಗೂ ಕ್ಯಾಬಿನೆಟ್ ಮೇಲೆ ಹೂವಿಟ್ಟು, ಅರಿಶಿನ ಕುಂಕುಮ ಹಚ್ಚಿ, ಕರ್ಪೂರ ಬೆಳಗಿದ್ದರ ಫಲ. ಪ್ರೊಸೆಸರ್ ಫ್ಯಾನ್ ಕೆಳಗಿನ ಅಲ್ಯೂಮಿನಿಯಂ ರೆಕ್ಕೆಗಳ ನಡುವೆ ಧೂಳು ಕಂಬಳಿಯ ಹಾಗೆ ಕೂತಿತ್ತು. ಒಂದು ಹಲ್ಲಿ ಮೊಟ್ಟೆಯ ಸಿಪ್ಪೆಯೂ ಇತ್ತು. ಗಾಳಿ ಆಡದಿದ್ದರೆ ಪ್ರೊಸೆಸರ್ ಬಿಸಿಯಾಗುತ್ತದೆ. ಮಿತಿ ಮೀರಿ ಕಾದರೆ ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಬೇಸಿಗೆಯಲ್ಲಿ ಜಾಸ್ತಿ ನಿಧಾನವಾಗುವ ಕಂಪ್ಯೂಟರ್‌ಗಳ ಗುಟ್ಟು ಬಹಳ ಸಲ ಇದೇ.

ಮೆತ್ತಗಿನ ಪೇಂಟ್ ಬ್ರಷ್, ಬ್ಲೋವರ್ ಸಾಕು. ಬ್ಲೋವರ್ ಹಿಡಿಯುವಾಗ ಫ್ಯಾನ್ ತಿರುಗದಂತೆ ಬೆರಳಿಟ್ಟುಕೊಳ್ಳಿ. ಒದ್ದೆ ಬಟ್ಟೆ ಬೇಡ. ಆ ಅಲ್ಯೂಮಿನಿಯಂ ರೆಕ್ಕೆಯ ಹೀಟ್‌ಸಿಂಕ್ ಬಿಚ್ಚಿದರೆ ಅಡಿಯಲ್ಲಿ, ಪ್ರೊಸೆಸರ್‌ನ ಬಿಸಿಯನ್ನು ಅದಕ್ಕೆ ದಾಟಿಸುವ ಥರ್ಮಲ್ ಪೇಸ್ಟ್ ಒಣಗಿ ಸುಣ್ಣದ ಹಾಗಾಗಿರುತ್ತದೆ. ಒರೆಸಿ, ತೊಗರಿಬೇಳೆ ಗಾತ್ರದಷ್ಟು ಹೊಸ ಪೇಸ್ಟ್ ನಡುವೆ ಇಟ್ಟು ಮತ್ತೆ ಕೂರಿಸಬೇಕು. ಇಂಟೆಲ್ ಜೊತೆ ಬರುವ ಫ್ಯಾನ್‌ನ ನಾಲ್ಕು ಪ್ಲಾಸ್ಟಿಕ್ ಕಾಲುಗಳು ಹಳೆಯದಾದ ಮೇಲೆ ಪಟಕ್ಕನೆ ಮುರಿಯುತ್ತವೆ. ಧೈರ್ಯ ಇಲ್ಲದಿದ್ದರೆ ಈ ಕೆಲಸವನ್ನು ಅಂಗಡಿಯವರಿಗೇ ಬಿಡಿ.

ಬೋರ್ಡ್ ಮೇಲೆ ಒಂದು ಬಿಲ್ಲೆ ಬ್ಯಾಟರಿ ಇರುತ್ತದೆ, ಸಿಆರ್2032, 3 ವೋಲ್ಟ್. ಅದು ಸತ್ತರೆ ಪ್ಲಗ್ ಕಿತ್ತಾಗಲೆಲ್ಲ ಕಂಪ್ಯೂಟರ್ ತಾರೀಖು ಮರೆಯುತ್ತದೆ. ತಾರೀಖು ತಪ್ಪಿದರೆ ಬ್ಯಾಂಕ್ ಸೈಟ್ ಸುರಕ್ಷಿತವಲ್ಲ ಎಂದು ಬ್ರೌಸರ್ ಹಠ ಹಿಡಿಯುತ್ತದೆ. ಚಿಕ್ಕಪ್ಪ ಆರು ತಿಂಗಳಿಂದ ಬ್ಯಾಂಕಿನವರನ್ನು ಬೈಯುತ್ತಿದ್ದರು, ಪಾಪ! ವಾಚ್ ಅಂಗಡಿಯಿಂದ ತಂದದ್ದು ಈ ಬ್ಯಾಟರಿಯನ್ನೇ.

ದುಡ್ಡು ಹಾಕುವುದಾದರೆ ಎಸ್‌ಎಸ್‌ಡಿಗೆ

ಒಂದೇ ಪಾರ್ಟ್ ಬದಲಿಸಲು ದುಡ್ಡಿದೆ ಅಂದರೆ ಯೋಚನೆಯೇ ಬೇಡ, ಎಸ್‌ಎಸ್‌ಡಿ ತನ್ನಿ. ಹಾರ್ಡ್ ಡಿಸ್ಕ್‌ನ ಹಾಗೆ ಫೈಲ್ ಇಡುವ, ಆದರೆ ಚಿಪ್‌ಗಳಿಂದಾದ ಡ್ರೈವ್ ಅದು.

ಹಳೆ ಹಾರ್ಡ್ ಡಿಸ್ಕ್‌ನೊಳಗೆ ತಟ್ಟೆಗಳು ನಿಮಿಷಕ್ಕೆ 7200 ಸುತ್ತು ತಿರುಗುತ್ತವೆ. ಒಂದು ಸೂಜಿ ಬೇಕಾದ ಜಾಗಕ್ಕೆ ಸರಿದು, ಬೇಕಾದ ಅಕ್ಷರ ತನ್ನ ಕೆಳಗೆ ಬರುವವರೆಗೆ ಕಾಯಬೇಕು. ಇದಕ್ಕೆ ಸೆಕೆಂಡಿನ ನೂರನೇ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು ಬೇಕು. ಕೇಳಲು ಕಡಿಮೆ ಅನಿಸುತ್ತದೆ. ಆದರೆ ವಿಂಡೋಸ್ ಶುರುವಾಗುವಾಗ ಸಾವಿರಾರು ಚೂರು ಫೈಲ್ ಓದಬೇಕು, ಒಂದೊಂದೂ ಒಂದೊಂದು ಮೂಲೆಯಲ್ಲಿ. ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಿ ಹಬ್ಬದ ಪಟ್ಟಿ ಹಿಡಿದು ಹೂವಿನ ಸಾಲು, ಬಾಳೆಹಣ್ಣಿನ ಸಾಲು, ಮತ್ತೆ ಮರೆತ ವೀಳ್ಯದೆಲೆಗೆ ವಾಪಸ್ ಎಂದು ಓಡಾಡಿದ ಹಾಗೆ. ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲ. ಕೇಳಿದ್ದು ಕೂತಲ್ಲಿಗೇ ಬರುತ್ತದೆ. ದೊಡ್ಡ ಫೈಲ್ ಓದುವಾಗಲೂ ಹಾರ್ಡ್ ಡಿಸ್ಕ್ ಸೆಕೆಂಡಿಗೆ 100ರಿಂದ 150 ಎಂಬಿ ಕೊಟ್ಟರೆ ಸಾಟಾ (ಹಾರ್ಡ್ ಡಿಸ್ಕ್‌ನ ಕಿಂಡಿಗೇ ಹೋಗುವ) ಎಸ್‌ಎಸ್‌ಡಿ 500ರ ಹತ್ತಿರ ಕೊಡುತ್ತದೆ.

ಹಳೆ ಬೋರ್ಡ್‌ಗೆ ಎರಡೂವರೆ ಇಂಚಿನ ಸಾಟಾ ಎಸ್‌ಎಸ್‌ಡಿಯೇ ಬೇಕು. ಚ್ಯೂಯಿಂಗ್ ಗಮ್ ಪಟ್ಟಿಯಂತೆ ಕಾಣುವ ಎಂ.2 ಎಸ್‌ಎಸ್‌ಡಿಗಳಲ್ಲಿ ಹೆಚ್ಚಿನವು ಇನ್ನೂ ವೇಗದವು ನಿಜ. ಆದರೆ ಆ ಕಾಲದ ಸಾಮಾನ್ಯ ಬೋರ್ಡ್‌ಗಳಲ್ಲಿ ಅದಕ್ಕೆ ಜಾಗವೇ ಇರುವುದಿಲ್ಲ. ಮನೆ ಬಳಕೆಗೆ 500 ಜಿಬಿ ಧಾರಾಳ. ಆನ್‌ಲೈನ್‌ನಲ್ಲಿ ಹೆಸರೇ ಕೇಳದ ಕಂಪನಿಯ 2 ಟಿಬಿ ಎಸ್‌ಎಸ್‌ಡಿ ಪುಗಸಟ್ಟೆ ಬೆಲೆಗೆ ಕಂಡರೆ ಹತ್ತಿರ ಹೋಗಬೇಡಿ. ಒಳಗೆ ಅಷ್ಟು ಜಾಗ ಇರುವುದೇ ಇಲ್ಲ, ಇದೆ ಎಂದು ಸುಳ್ಳು ತೋರಿಸುತ್ತದೆ, ಅಷ್ಟೆ.

ಜೋಡಿಸುವುದು ಸುಲಭ. ಎರಡು ವೈರ್ ಮಾತ್ರ, ಒಂದು ಡೇಟಾ, ಒಂದು ಪವರ್. ಎರಡರ ಬಾಯಿಯೂ ಸೊಟ್ಟಗಿರುವುದರಿಂದ ಉಲ್ಟಾ ಹೋಗುವುದಿಲ್ಲ. ಬಿಡಿ ವೈರ್ ಇಲ್ಲವೇ? ಡಿವಿಡಿ ಡ್ರೈವ್‌ನಿಂದ ಕಿತ್ತುಕೊಳ್ಳಿ. ಕೊನೆಯ ಸಲ ಡಿವಿಡಿ ಹಾಕಿದ್ದು ಯಾರ ಮದುವೆಯದು ಎಂದು ನೆನಪಾಗದಿದ್ದರೆ ಅದರ ಕೆಲಸ ಮುಗಿದಿದೆ ಎಂದೇ ಲೆಕ್ಕ. ಚಿಕ್ಕಪ್ಪನ ಕಂಪ್ಯೂಟರ್‌ನದು ಎಚ್81 ಜಾತಿಯ ಬೋರ್ಡ್, ಅದರಲ್ಲಿ ನಾಲ್ಕು ಸಾಟಾ ಕಿಂಡಿಗಳಿದ್ದವು. ಎರಡು ವೇಗದವು, ಎರಡು ಅರ್ಧ ವೇಗದವು. ಎಸ್‌ಎಸ್‌ಡಿಯನ್ನು ವೇಗದ ಕಿಂಡಿಗೇ ಹಾಕಬೇಕು. ಯಾವುದು ಎಂದು ಬೋರ್ಡ್‌ನ ಕೈಪಿಡಿಯಲ್ಲಿ ಇರುತ್ತದೆ. ಕೂರಿಸಲು ಸರಿಯಾದ ಜಾಗ ಇಲ್ಲದಿದ್ದರೆ ಡಬಲ್ ಸೈಡ್ ಟೇಪ್ ಹಾಕಿ ಅಂಟಿಸಿದರೂ ನಡೆಯುತ್ತದೆ. ಅದು ಅಲುಗಾಡುವ ವಸ್ತುವಲ್ಲ.

ಹಳೆಯ ಡಿಸ್ಕ್ ಎಷ್ಟು ಆರೋಗ್ಯವಾಗಿದೆ ಎಂದು ಕ್ರಿಸ್ಟಲ್ ಡಿಸ್ಕ್ ಇನ್ಫೊ ಎಂಬ ಉಚಿತ ಸಾಫ್ಟ್‌ವೇರ್ ಹೇಳುತ್ತದೆ. ಎಚ್ಚರಿಕೆಯ ಹಳದಿ ಬಂದರೆ ಬೇರೆಲ್ಲ ಬಿಟ್ಟು ಫೋಟೊಗಳನ್ನು ಮೊದಲು ಕಾಪಿ ಮಾಡಿ.

ಎಸ್‌ಎಸ್‌ಡಿ ಹಾಕಿ, ವಿಂಡೋಸನ್ನು ಅದರ ಮೇಲೆ ತಂದ ಮರುದಿನ ಬೆಳಿಗ್ಗೆ ಚಿಕ್ಕಪ್ಪ ಸ್ವಿಚ್ ಒತ್ತಿ, ರೂಢಿಯಂತೆ ಅಡುಗೆಮನೆ ಕಡೆ ಹೊರಟರು. ತಿರುಗಿ ನೋಡಿದರೆ ಡೆಸ್ಕ್‌ಟಾಪ್ ಬಂದಾಗಿತ್ತು. "ಕಾಫಿ ಇನ್ನೂ ಇಟ್ಟೇ ಇಲ್ವಲ್ಲೋ!"

ರ‍್ಯಾಮ್: ಇಲ್ಲಿ ನಾನೇ ಎಡವಿದ್ದೆ

ನಾಲ್ಕೈದು ವರ್ಷದ ಹಿಂದೆ ನನ್ನ ಸ್ವಂತ ಕಂಪ್ಯೂಟರ್‌ಗೆ ಅಂತ ಕಂಪ್ಯೂಟರ್ ಸಾಮಾನಿನ ಅಂಗಡಿಗಳಿರುವ ಬೆಂಗಳೂರಿನ ಎಸ್.ಪಿ. ರೋಡ್‌ಗೆ ಹೋಗಿ 8 ಜಿಬಿ ರ‍್ಯಾಮ್ ತಂದೆ. ಮೈಸೂರಿಗೆ ಬಂದು ಹಾಕಿದರೆ ಒಳಗೆ ಹೋಗಲೊಲ್ಲದು. ಬೋರ್ಡ್ ಡಿಡಿಆರ್3 ಜಾತಿಯ ರ‍್ಯಾಮ್‌ನದು, ನಾನು ತಂದದ್ದು ಅದರ ಮುಂದಿನ ಜಾತಿ ಡಿಡಿಆರ್4. ಪಟ್ಟಿ ನೋಡಲು ಒಂದೇ ಥರ. ಡಿಡಿಆರ್3ಕ್ಕೆ 240 ಪಿನ್, ಡಿಡಿಆರ್4ಕ್ಕೆ 288. ನಡುವಿನ ಕಚ್ಚೂ ಬೇರೆ ಜಾಗದಲ್ಲಿ. ಒತ್ತಾಯ ಮಾಡಿದ್ದರೆ ಸ್ಲಾಟ್ ಮುರಿಯುತ್ತಿತ್ತು. ಇನ್ನೊಂದು ಟ್ರೈನ್ ಚಾರ್ಜು, ಇನ್ನೊಂದು ರಜೆ ಹೋಯಿತು. ಅದಕ್ಕೇ ಮೇಲೆ ಹೇಳಿದ ಆ ಚೀಟಿ.

ಚಿಕ್ಕಪ್ಪನದರ ಹಾಗೆ ಇಂಟೆಲ್ ನಾಲ್ಕನೇ ಪೀಳಿಗೆಯ ಪ್ರೊಸೆಸರ್ ಇರುವ ಮನೆ ಕಂಪ್ಯೂಟರ್ ಆದರೆ ಡಿಡಿಆರ್3. 2015ರಲ್ಲಿ ಬಂದ ಆರನೇ ಪೀಳಿಗೆಯಿಂದ ಹೆಚ್ಚಿನವು ಡಿಡಿಆರ್4. ಎಚ್81 ಬೋರ್ಡ್‌ಗೆ ಎರಡೇ ಸ್ಲಾಟ್, ಒಟ್ಟು 16 ಜಿಬಿವರೆಗೆ. ನಾವು ಇದ್ದ 4 ಜಿಬಿ ಜೊತೆಗೆ ಇನ್ನೊಂದು 4 ಹಾಕಿ 8 ಮಾಡಿದೆವು. ಎರಡು ಸ್ಲಾಟ್‌ನಲ್ಲೂ ಒಂದೇ ಅಳತೆಯ ಪಟ್ಟಿ ಇದ್ದರೆ ಎರಡೂ ಜೋಡಿಯಾಗಿ ದುಡಿಯುತ್ತವೆ. ಬ್ರೌಸರ್, ಟೈಪಿಂಗ್, ಯೂಟ್ಯೂಬ್‌ಗೆ 8 ಸಾಕು. ಫೋಟೊ, ವಿಡಿಯೊ ಎಡಿಟ್ ಮಾಡುವವರು ಮಾತ್ರ 16 ನೋಡಿ.

2025ರ ಕೊನೆಯಿಂದ ರ‍್ಯಾಮ್ ಬೆಲೆ ಗಗನಕ್ಕೇರಿದೆ. ಎಐ ಡೇಟಾ ಸೆಂಟರ್‌ಗಳು ಮೆಮೊರಿ ಚಿಪ್‌ಗಳನ್ನು ಬಾಚಿಕೊಳ್ಳುತ್ತಿವೆ. ಹಾಗಾಗಿ ಸುಮ್ನೆ ಇರಲಿ ಅಂತ ಹೆಚ್ಚು ತರುವ ಕಾಲ ಇದಲ್ಲ. ಡಿಡಿಆರ್3 ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಗುತ್ತದೆ, ತರಬಹುದು. ಅಂಗಡಿಯಲ್ಲೇ ಹಾಕಿಸಿ, ಆನ್ ಮಾಡಿಸಿ ನೋಡಿ. ಬೀಪ್ ಬೀಪ್ ಅಂದು ಪರದೆ ಬರದಿದ್ದರೆ ಗಾಬರಿ ಬೇಡ. ಪಟ್ಟಿ ತೆಗೆದು, ಹಿತ್ತಾಳೆ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರ್‌ನಿಂದ ಮೆಲ್ಲಗೆ ಉಜ್ಜಿ, ಎರಡೂ ಕಡೆ ಟಕ್ ಎನ್ನುವಂತೆ ಕೂರಿಸಿ. ಬಹಳ ಸಲ ಅಷ್ಟರಲ್ಲೇ ಸರಿಹೋಗುತ್ತದೆ.

ಎಸ್‌ಎಂಪಿಎಸ್ ಮೇಲಿನ ಲೇಬಲ್ ಓದಿ

ಕ್ಯಾಬಿನೆಟ್ ಜೊತೆ ಬರುವ ಅಗ್ಗದ ಎಸ್‌ಎಂಪಿಎಸ್ (ಒಳಗಿನ ಪಾರ್ಟ್‌ಗಳಿಗೆಲ್ಲ ಕರೆಂಟ್ ಕೊಡುವ ಡಬ್ಬ) ಮೇಲೆ ದಪ್ಪ ಅಕ್ಷರದಲ್ಲಿ 450 ವಾಟ್ ಎಂದಿರುತ್ತದೆ. ಅದನ್ನು ನಂಬಬೇಡಿ. ಪಕ್ಕದ ಸಣ್ಣ ಪಟ್ಟಿಯಲ್ಲಿ 12 ವೋಲ್ಟ್‌ಗೆ ಎಷ್ಟು ಆಂಪ್ ಎಂದು ಹುಡುಕಿ. ನಮ್ಮದರಲ್ಲಿ 16 ಇತ್ತು. 12 ಗುಣಿಸು 16, 192 ವಾಟ್. ನಿಜವಾದ ಕಸುವು ಅಷ್ಟೇ. ಐ3 ಪ್ರೊಸೆಸರ್, ಒಂದು ಎಸ್‌ಎಸ್‌ಡಿ, ಒಂದು ಹಾರ್ಡ್ ಡಿಸ್ಕ್‌ಗೆ ಇದು ಸಾಕು, ಬದಲಿಸಲಿಲ್ಲ. ಗ್ರಾಫಿಕ್ಸ್ ಕಾರ್ಡ್ ಹಾಕುವ ಯೋಚನೆ ಇದ್ದರೆ ಮೊದಲು 80 ಪ್ಲಸ್ ಗುರುತಿನ ಒಳ್ಳೆಯ ಎಸ್‌ಎಂಪಿಎಸ್, ಆಮೇಲೆ ಕಾರ್ಡ್. ಹಳ್ಳಿ ಕಡೆ ಪಂಪ್‌ಸೆಟ್ ಶುರುವಾದಾಗ ವೋಲ್ಟೇಜ್ ಏರುಪೇರಾಗುತ್ತದಲ್ಲ, ಅದನ್ನೆಲ್ಲ ಮೊದಲು ತಡೆದುಕೊಳ್ಳಬೇಕಾದದ್ದು ಈ ಡಬ್ಬವೇ. ಎಸ್‌ಎಂಪಿಎಸ್ ಒಳಗೆ ಮಾತ್ರ ಕೈ ಹಾಕಬೇಡಿ, ಪ್ಲಗ್ ಕಿತ್ತ ಮೇಲೂ ಅದರ ಕೆಪಾಸಿಟರ್‌ಗಳಲ್ಲಿ ಶಾಕ್ ಉಳಿದಿರುತ್ತದೆ.

ಕ್ಯಾಬಿನೆಟ್ ಮುಟ್ಟಿದರೆ ಜುಮ್ ಅನ್ನುತ್ತದೆಯೇ? ಅದಕ್ಕೆ ಯಾವ ಪಾರ್ಟೂ ಬೇಡ. ಮನೆಯ ಅರ್ತಿಂಗ್ ನೋಡಿಸಿ.

ಗ್ರಾಫಿಕ್ಸ್ ಕಾರ್ಡ್, ಪ್ರೊಸೆಸರ್

ಆಟ ಆಡದ ಮನೆಗೆ ಗ್ರಾಫಿಕ್ಸ್ ಕಾರ್ಡ್ ಬೇಡವೇ ಬೇಡ. ಹಾಕುವುದೇ ಆದರೆ, ಹೊಸ ಕಾರ್ಡ್‌ಗಳಲ್ಲಿ ನೀಲಿ ಬಣ್ಣದ ವಿಜಿಎ ಕಿಂಡಿ ಇರುವುದಿಲ್ಲ. ನಿಮ್ಮ ಹಳೆ ಮಾನಿಟರ್‌ಗೆ ಅದೊಂದೇ ಇದ್ದರೆ ಕನ್ವರ್ಟರ್ ಖರ್ಚೂ ಸೇರಿಸಿಕೊಳ್ಳಿ.

ಪ್ರೊಸೆಸರ್ ಕೊನೆಗೆ. ನಾಲ್ಕನೇ ಪೀಳಿಗೆ ಐ3ಯಲ್ಲಿ ಕೋರ್ ಎರಡೇ. ಅದೇ ಸಾಕೆಟ್‌ಗೆ ಕೂರುವ ಸೆಕೆಂಡ್ ಹ್ಯಾಂಡ್ ಐ5 4590 ಹಾಕಿದರೆ ನಾಲ್ಕು ಕೋರ್. ಅಗ್ಗಕ್ಕೆ ಸಿಕ್ಕರೆ ಮಾತ್ರ ಯೋಚಿಸಿ. ಅದಕ್ಕಿಂತ ಮೇಲೆ ಹೋಗಬೇಕೆಂದರೆ ಬೋರ್ಡ್ ಬದಲಾಗಬೇಕು, ಬೋರ್ಡ್ ಬದಲಾದರೆ ರ‍್ಯಾಮ್ ಬದಲಾಗಬೇಕು, ಕೊನೆಗೆ ಹಳೆಯದಾಗಿ ಉಳಿಯುವುದು ಕ್ಯಾಬಿನೆಟ್ ಒಂದೇ. ಅಲ್ಲಿಗೆ ಕೈ ಬಿಡಿ. ಆ ದುಡ್ಡಿಗೆ ಕಂಪನಿಗಳು ಬಳಸಿ ಬಿಟ್ಟ, ಎಂಟನೇ ಪೀಳಿಗೆಯ ರಿಫರ್ಬಿಶ್ಡ್ (ಸರಿಮಾಡಿ ಮಾರುವ) ಡೆಸ್ಕ್‌ಟಾಪ್ ನೋಡುವುದು ಮೇಲು.

ಎಂಟನೇ ಪೀಳಿಗೆ ಏಕೆ? ವಿಂಡೋಸ್ 11 ಹೆಚ್ಚುಕಡಿಮೆ ಅಲ್ಲಿಂದ ಮೇಲಿನ ಇಂಟೆಲ್ ಪ್ರೊಸೆಸರ್‌ಗಳನ್ನೇ ಒಪ್ಪುತ್ತದೆ, ಟಿಪಿಎಂ 2.0 ಎಂಬ ಸುರಕ್ಷತೆಯ ಸೌಲಭ್ಯವನ್ನೂ ಕೇಳುತ್ತದೆ. ವಿಂಡೋಸ್ 10ಕ್ಕೆ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿದೆ. ಹೆಸರು ನೋಂದಾಯಿಸಿದವರಿಗೆ ಸೆಕ್ಯುರಿಟಿ ಅಪ್‌ಡೇಟ್ 2026ರ ಅಕ್ಟೋಬರ್ 13ರವರೆಗೆ ಬರುತ್ತದೆ. ಆಮೇಲೆ ಹಳೆ ಯಂತ್ರಕ್ಕೆ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಹಾಕಬಹುದು, ಉಚಿತ. ಕೀಬೋರ್ಡ್ ಪಟ್ಟಿಯಲ್ಲಿ ಕನ್ನಡಕ್ಕೆ ಕಗಪ ಎಂಬ ಲೇಔಟೇ ಇದೆ, ನುಡಿ ರೂಢಿ ಇದ್ದವರಿಗೆ ತೀರಾ ಹೊಸದೆನಿಸದು. ನುಡಿ ಫಾಂಟ್‌ನಲ್ಲಿರುವ ಹಳೆ ಫೈಲುಗಳನ್ನು ಮಾತ್ರ ವಿಂಡೋಸ್ ಇರುವಾಗಲೇ ಯೂನಿಕೋಡ್‌ಗೆ (ಎಲ್ಲ ಕಂಪ್ಯೂಟರ್‌ಗಳೂ ಓದುವ ಅಕ್ಷರ ವ್ಯವಸ್ಥೆ) ಬದಲಿಸಿಟ್ಟುಕೊಳ್ಳಿ. ಚಿಕ್ಕಪ್ಪನ ಹನ್ನೊಂದು ವರ್ಷದ ನೋಟಿಸುಗಳನ್ನು ಈಗ ತಂಗಿ ವಾರಕ್ಕೆ ಹತ್ತರಂತೆ ಬದಲಿಸುತ್ತಿದ್ದಾಳೆ.

ಬಿಲ್ ಕೇಳಿ ತಗೊಳ್ಳಿ. ಎಸ್‌ಎಸ್‌ಡಿಗೆ ಸಾಮಾನ್ಯವಾಗಿ ಮೂರರಿಂದ ಐದು ವರ್ಷ ವಾರಂಟಿ ಇರುತ್ತದೆ. ಥರ್ಮಲ್ ಕಾಗದದ ಬಿಲ್ ಒಂದೇ ವರ್ಷದಲ್ಲಿ ಬಿಳಿಚಿಕೊಳ್ಳುವುದರಿಂದ ಅದರ ಫೋಟೊ ತೆಗೆದಿಡಿ. ನಾವು ಆ ಫೋಟೊ ಪ್ರಿಂಟ್ ಮಾಡಿ ಕ್ಯಾಬಿನೆಟ್ ಮುಚ್ಚಳದ ಒಳಮೈಗೆ ಅಂಟಿಸಿದ್ದೇವೆ, ಯಾವ ಸ್ಲಾಟ್‌ನಲ್ಲಿ ಏನಿದೆ ಎಂದು ಬರೆದ ಚೀಟಿಯ ಪಕ್ಕದಲ್ಲೇ.