ಪೆನ್ಸಿಲ್ ಗೆರೆ ಎಲ್ಲಿ ಎಳೀಬೇಕು? ತುಘಲಕ್ ಪಾತ್ರ ಮಾಡಿದ ನನ್ನ ಅನುಭವ

ನಮ್ಮ ಹವ್ಯಾಸಿ ತಂಡದಲ್ಲಿ ಗಿರೀಶ ಕಾರ್ನಾಡರ 'ತುಘಲಕ್' ಮಾಡೋಣ ಅಂತ ತೀರ್ಮಾನ ಆಗಿ ಮಹಮ್ಮದನ, ಅಂದ್ರೆ ದೆಹಲಿ ಸುಲ್ತಾನ ತುಘಲಕ್‌ನ, ಪಾತ್ರ ನನಗೆ ಬಂತು. ಬಂದ ದಿನವೇ ಕನ್ನಡಿ ಮುಂದೆ ನಿಂತು ಕಣ್ಣು ಅಗಲ ಮಾಡೋದು, ಇದ್ದಕ್ಕಿದ್ದಂಗೆ ನಗೋದು, ನಗ್ತಾ ನಗ್ತಾ ಕಿರುಚೋದು, ಇದನ್ನೆಲ್ಲ ಪ್ರಾಕ್ಟೀಸ್ ಮಾಡೋಕೆ ಶುರು ಮಾಡಿದೆ. ನನಗೆ ಗೊತ್ತಿದ್ದ ತುಘಲಕ್ ಅಷ್ಟೇ. ಸ್ಕೂಲಲ್ಲಿ 'ಹುಚ್ಚು ದೊರೆ' ಅಂತ ಓದಿದ್ದು, ಮನೇಲಿ ಅಪ್ಪ ಪೇಪರ್ ಓದ್ತಾ ಯಾವುದಾದ್ರೂ ಸರ್ಕಾರಿ ಆರ್ಡರ್ ಇಷ್ಟ ಆಗದಿದ್ರೆ 'ತುಘಲಕ್ ದರ್ಬಾರು' ಅಂತ ಬೈಯ್ತಿದ್ದಿದ್ದು.

ಎರಡು ವಾರ ಹಾಗೇ ತಾಲೀಮು ನಡೀತು. ಆಮೇಲೆ ಒಂದಿನ ನಮ್ಮ ಡೈರೆಕ್ಟರ್, ನಾವೆಲ್ಲ ಮೇಷ್ಟ್ರು ಅಂತೀವಿ, ತಾಲೀಮು ನಿಲ್ಲಿಸಿ ಎಲ್ಲರ ಕೈಗೂ ಒಂದೊಂದು ಪೆನ್ಸಿಲ್ ಕೊಟ್ರು. "ಮಹಮ್ಮದನಿಗೆ ಯಾವ ಜಾಗದಲ್ಲಿ ಹುಚ್ಚು ಹಿಡೀತು ಅನ್ಸುತ್ತೋ ಅಲ್ಲಿ ನಿಮ್ಮ ನಿಮ್ಮ ಸ್ಕ್ರಿಪ್ಟಲ್ಲಿ ಗೆರೆ ಎಳೀರಿ, ಪಕ್ಕದವರದ್ದು ನೋಡಬೇಡಿ" ಅಂದ್ರು. ಐದು ನಿಮಿಷ ಆದ್ಮೇಲೆ ಒಬ್ಬೊಬ್ಬರಾಗಿ ಓದಿ ಹೇಳಿದ್ವಿ, ಒಬ್ಬರ ಗೆರೆ ಇದ್ದ ಜಾಗದಲ್ಲಿ ಇನ್ನೊಬ್ಬರದ್ದು ಇರಲಿಲ್ಲ. ಮಲತಾಯಿ ಪಾತ್ರದವರು ಮಹಮ್ಮದ ಆ ಮಲತಾಯಿಯನ್ನೇ ಕಲ್ಲು ಹೊಡೆದು ಸಾಯಿಸೋಕೆ ಆಜ್ಞೆ ಕೊಡೋ ಜಾಗದಲ್ಲಿ ಎಳೆದಿದ್ರು. ನಾನು, ಪ್ರಾರ್ಥನೆ ಹೊತ್ತಲ್ಲಿ ಸುಲ್ತಾನನನ್ನ ಕೊಲ್ಲೋಕೆ ಸಂಚು ಮಾಡಿದ ಶಿಹಾಬುದ್ದೀನನ ಕೊಲೆ ಆದ್ಮೇಲೆ ಪ್ರಾರ್ಥನೆಯನ್ನೇ ನಿಷೇಧ ಮಾಡ್ತಾನಲ್ಲ ಅಲ್ಲಿ ಎಳೆದಿದ್ದೆ. ಅಗಸ ಅಜೀಜನ ಪಾತ್ರ ಮಾಡ್ತಿದ್ದ ಹುಡುಗ ಎಲ್ಲೂ ಎಳೆದಿರಲಿಲ್ಲ, "ನನಗೆ ಅವನು ಮಾಡೋದೆಲ್ಲ ಅರ್ಥ ಆಗುತ್ತೆ ಸರ್" ಅಂದ. ಆದ್ರೆ ನನ್ನನ್ನ ನಿಜವಾಗ್ಲೂ ತಡೆದು ನಿಲ್ಲಿಸಿದ್ದು ಮೊದಲನೇ ದೃಶ್ಯದ ಗುಂಪಲ್ಲಿ ಮುದುಕನ ಪಾತ್ರ ಮಾಡೋರ ಗೆರೆ. ಅವರು ಮೊದಲ ಪುಟದಲ್ಲೇ ಎಳೆದುಬಿಟ್ಟಿದ್ರು.

ಮೊದಲ ಪುಟದಲ್ಲಿ ಮಹಮ್ಮದ ನಮ್ಮ ಕಣ್ಣೆದುರು ಯಾರನ್ನೂ ಕೊಂದಿಲ್ಲ, ಸ್ಟೇಜ್ ಮೇಲೆ ಇನ್ನೂ ಬಂದೇ ಇಲ್ಲ. ಅವನು ಮಾಡಿರೋದು ಇಷ್ಟೇ, ಹಿಂದೂಗಳ ಮೇಲಿನ ಜಿಜಿಯಾ ತೆರಿಗೆ ತೆಗೆದಿದ್ದಾನೆ, ತನ್ನ ಮೇಲೇ ಕೇಸ್ ಹಾಕಿದ ಬ್ರಾಹ್ಮಣನ ಪರವಾಗಿ ತೀರ್ಪು ಬಂದ್ರೆ ತಲೆಬಾಗಿ ಒಪ್ಕೊಂಡಿದ್ದಾನೆ. (ಈ ಕೇಸಿನ ಕಥೆ ಬರೀ ಕಲ್ಪನೆ ಅಲ್ಲ, ಸುಲ್ತಾನನ ವಿರುದ್ಧ ಒಬ್ಬ ಹಿಂದೂ ದೂರು ಕೊಟ್ಟಾಗ ಅವನು ಆಯುಧ ಇಲ್ಲದೆ ನಡ್ಕೊಂಡು ನ್ಯಾಯ ಹೇಳೋ ಕಾಜಿ ಮುಂದೆ ಹೋಗಿ ನಿಂತ ಅಂತ ಆ ಕಾಲದ ಪ್ರವಾಸಿ ಇಬ್ನ್ ಬತೂತ ಬರೆದಿಟ್ಟಿದ್ದಾನೆ.) ಅಷ್ಟಕ್ಕೇ ಜನ ಗುಸುಗುಸು ಶುರು ಮಾಡ್ತಾರೆ. ಆ ಗುಂಪಲ್ಲಿರೋ ಹಿಂದೂ ಹೇಳ್ತಾನಲ್ಲ, ಸುಲ್ತಾನ ಒದ್ದು ತೆರಿಗೆ ಕೇಳಿದ್ರೆ ನನಗೆ ನೆಮ್ಮದಿ, ನೀನೂ ಮನುಷ್ಯನೇ ಅಂದ್ರೆ ಹೆದರಿಕೆ ಆಗುತ್ತೆ ಅನ್ನೋ ಅರ್ಥದ್ದು. ಆ ಮಾತು ನೂರು ಸಲ ಕೇಳಿದ್ದೆ, ಅವತ್ತು ಮಾತ್ರ ಎದೆಗೆ ಬಿತ್ತು.

ಯಾಕೆ ಅಂದ್ರೆ ನನಗೆ ನಮ್ಮ ಚಿಕ್ಕಪ್ಪ ನೆನಪಾದ್ರು. ಊರಲ್ಲಿ ಅವರಿಗೆ 'ಹುಚ್ಚ' ಅಂತ ಹೆಸರು ಬಿದ್ದಿದ್ದು ಯಾವಾಗ ಅಂತ ಅಮ್ಮನ್ನ ಕೇಳಿದೆ. ಕೇರಿಯವರ ಮನೇಲಿ ಕೂತು ಊಟ ಮಾಡಿ, ಅವರನ್ನ ನಮ್ಮ ಮನೆಗೂ ಊಟಕ್ಕೆ ಕರ್ಕೊಂಡು ಬಂದ ವರ್ಷವಂತೆ. ಆಗ ಅವರಿಗೆ ಯಾವ ಕಾಯಿಲೆಯೂ ಇರಲಿಲ್ಲ, ಗದ್ದೆ ಕೆಲಸ ಲೆಕ್ಕಪತ್ರ ಎಲ್ಲ ನೆಟ್ಟಗೇ ಇತ್ತು. ಕಾಯಿಲೆ ಬಂದಿದ್ದು ಎಂಟತ್ತು ವರ್ಷ ಕಳೆದ ಮೇಲೆ, ನಿದ್ದೆ ಪೂರ್ತಿ ಹೋಯ್ತು, ರಾತ್ರಿಯೆಲ್ಲ ಜಗಲಿ ಮೇಲೆ ಕೂತಿರೋರು, ಗೋಡೆ ಆಚೆ ಯಾರೋ ಮಾತಾಡ್ತಿದಾರೆ ಅನ್ನೋರು. ಆದ್ರೆ ಅಷ್ಟೊತ್ತಿಗೆ ಹುಚ್ಚ ಅನ್ನೋ ಹೆಸರು ಹಳೇದಾಗಿತ್ತು, ಅವನು ಮೊದಲಿಂದ್ಲೂ ಹಂಗೇ ಅಲ್ವಾ ಅಂತ ಯಾರೂ ಡಾಕ್ಟರ್ ಹತ್ರ ಕರ್ಕೊಂಡು ಹೋಗಲಿಲ್ಲ, ನಾವೂ ಕರ್ಕೊಂಡು ಹೋಗಲಿಲ್ಲ. ಇದನ್ನ ಬರೀವಾಗ ನನಗೆ ಈಗ್ಲೂ ಸಂಕಟ ಆಗುತ್ತೆ. ಕಾಯಿಲೆ ಅನ್ನೋದು ಸುಳ್ಳು, ಎಲ್ಲ ಸಮಾಜ ಕಟ್ಟಿದ್ದು ಅಂತ ಹೇಳೋರನ್ನ ನಾನು ಒಪ್ಪಲ್ಲ. ಕಾಯಿಲೆ ನಿಜ. ಆದ್ರೆ ಊರು ಹುಚ್ಚು ಅಂತ ಕರೆದಿದ್ದು ಕಾಯಿಲೆಯನ್ನಲ್ಲ, ಕಾಯಿಲೆ ಬಂದಾಗ ಅದನ್ನ ನೋಡದೇ ಇರೋಕೂ ಅದೇ ಹೆಸರು ನೆಪ ಆಯ್ತು.

ಅಲ್ಲಿಂದ ನಾನು ಹುಚ್ಚು ನಟಿಸೋದನ್ನ ಬಿಟ್ಟೆ. ಪ್ರತಿ ದೃಶ್ಯಕ್ಕೂ ಮಹಮ್ಮದನ ಲೆಕ್ಕ ಏನು ಅಂತ ನೋಟ್‌ಬುಕ್ಕಲ್ಲಿ ಬರ್ಕೊಂಡೆ. ರಾಜಧಾನಿಯನ್ನ ದೆಹಲಿಯಿಂದ ದೌಲತಾಬಾದಿಗೆ ಯಾಕೆ ಒಯ್ದ, ಅದು ಸಾಮ್ರಾಜ್ಯದ ನಡುಮಧ್ಯ ಇದೆ, ದಕ್ಷಿಣ ಕೈತಪ್ಪಬಾರದು, ಹಿಂದೂಗಳ ಊರಾದ್ರಿಂದ ಎರಡೂ ಕಡೆಯವರು ಹತ್ರ ಆಗ್ತಾರೆ. ತಾಮ್ರದ ನಾಣ್ಯಕ್ಕೆ ಬೆಳ್ಳಿ ಬೆಲೆ ಯಾಕೆ, ಚೀನಾದಲ್ಲಿ ಆಗಲೇ ಕಾಗದದ ದುಡ್ಡು ಓಡ್ತಿತ್ತು, ಇವತ್ತು ನಮ್ಮ ಜೇಬಲ್ಲಿರೋ ನೋಟೂ ಅದೇ ನಂಬಿಕೆ ಮೇಲೆ ನಿಂತಿರೋದು. ಖೋಟಾ ನಾಣ್ಯ ತಡೆಯೋ ವ್ಯವಸ್ಥೆ ಮಾಡ್ಕೊಳ್ಳಲಿಲ್ಲ, ಅಲ್ಲೇ ಕೆಟ್ಟಿತು. ಅದು ದೊಡ್ಡ ತಪ್ಪು, ಆದ್ರೆ ತಪ್ಪು ಬೇರೆ ಹುಚ್ಚು ಬೇರೆ. ಹೀಗೆ ಬರ್ಕೊಂಡ ಮೇಲೆ ದನಿ ತಾನಾಗೇ ಇಳೀತು. ಕೋಟೆಯ ಕಾವಲು ಹುಡುಗನ ಜೊತೆ ಮಾತಾಡೋ ದೃಶ್ಯ ಇದೆಯಲ್ಲ, ಹತ್ತೊಂಬತ್ತು ವರ್ಷದ ಹುಡುಗ, ಅದನ್ನ ನಾನು ಸುಸ್ತಾದ ದೊಡ್ಡಪ್ಪ ಒಬ್ಬರು ಮಾತಾಡಿದ ಹಾಗೆ ಮೆಲ್ಲಗೆ ಹೇಳಿದೆ.

ಹಾಗಾದ್ರೆ ನೋಡೋರಿಗೆ ಹುಚ್ಚು ಕಾಣೋದು ಹೇಗೆ? ಮೇಷ್ಟ್ರು ಅದನ್ನ ಉಳಿದವರಿಗೆ ವಹಿಸಿದ್ರು. ನಾನು ಮಾತಾಡುವಾಗ ಸುತ್ತ ಇರೋರು ಒಂದೊಂದು ದೃಶ್ಯಕ್ಕೂ ಅರ್ಧ ಹೆಜ್ಜೆ ಹಿಂದೆ ಸರೀಬೇಕು. ನಾನು ಬದಲಾಗೋ ಹಾಗಿಲ್ಲ, ಅವರು ದೂರ ಆಗ್ತಾ ಹೋಗ್ಬೇಕು. ಕೊನೇ ದೃಶ್ಯಕ್ಕೆ ಬರೋಷ್ಟರಲ್ಲಿ ನಡುವೆ ನಾನೊಬ್ಬನೇ ಉಳಿದಿದ್ದೆ, ಪ್ರೇಕ್ಷಕರು ನನ್ನ ನೋಡ್ತಿದ್ದಿದ್ದು ಆ ಖಾಲಿ ಜಾಗದ ಮೂಲಕ. ಶಿಹಾಬುದ್ದೀನನ್ನ ಮತ್ತೆ ಮತ್ತೆ ಇರಿಯೋ ಜಾಗದಲ್ಲೂ ನಾನು ಕಿರುಚಲಿಲ್ಲ, ದರ್ಬಾರಿನ ಇತಿಹಾಸಕಾರ ಬರನಿಯ ಪಾತ್ರ ಮಾಡ್ತಿದ್ದವರು ಮುಖ ಮುಚ್ಕೊಂಡ್ರು, ಹಾಲ್ ತಣ್ಣಗಾಯ್ತು.

ಬರನಿ ಬಗ್ಗೆ ಒಂದು ಮಾತು ಹೇಳ್ಬೇಕು. ನಿಜವಾದ ಜಿಯಾವುದ್ದೀನ್ ಬರನಿ ಹದಿನೇಳು ವರ್ಷ ಆ ದರ್ಬಾರಲ್ಲೇ ಇದ್ದವನು, ಸುಲ್ತಾನ ಸತ್ತು ವರ್ಷಗಳಾದ ಮೇಲೆ, ಬಡತನದಲ್ಲಿ, ಇತಿಹಾಸ ಬರೆದ. ಆ ಕಾಲದ ಇತಿಹಾಸ ಬರೆದ ಇನ್ನೊಬ್ಬ ಇಸಾಮಿ, ಅವನ ಅಜ್ಜ ದೌಲತಾಬಾದಿಗೆ ಹೋಗೋ ದಾರಿಯಲ್ಲೇ ತೀರಿಹೋದ್ರು, ಅವನು ಬರೆದಿದ್ದು ಬಹಮನಿ ಸುಲ್ತಾನನ ಆಶ್ರಯದಲ್ಲಿ, ಅಂದ್ರೆ ತುಘಲಕ್ ವಿರುದ್ಧ ದಂಗೆ ಎದ್ದು ಹುಟ್ಟಿದ ರಾಜ್ಯದಲ್ಲಿ. ಇಬ್ಬರ ಬರಹದಲ್ಲೂ ತುಘಲಕ್ ಮೇಲೆ ಸಿಟ್ಟಿದೆ, ಆ ಸಿಟ್ಟು ಸುಳ್ಳಲ್ಲ, ಜನ ಸತ್ತಿದ್ದೂ ಸುಳ್ಳಲ್ಲ. ಆದ್ರೆ ಇಡೀ 26 ವರ್ಷದ ಆಳ್ವಿಕೆಯನ್ನ ಹುಚ್ಚು ಅಂದುಬಿಟ್ರೆ ಪಕ್ಕದಲ್ಲಿ ನಿಂತು ಹೂಂ ಅಂದವರೆಲ್ಲ ಪಾರಾಗ್ತಾರೆ. ನಾಟಕದಲ್ಲಿ ಸುಲ್ತಾನನ ಆಪ್ತ ಸಲಹೆಗಾರ ನಜೀಬ್ ಯೋಜನೆ ಹಾಕಿಕೊಟ್ಟವನು, ಅವನನ್ನ ಯಾರೂ ಹುಚ್ಚ ಅನ್ನಲ್ಲ.

ಎರಡನೇ ಶೋ ನೋಡೋಕೆ ಮನೋವೈದ್ಯರೊಬ್ಬರು ಬಂದಿದ್ರು. ಮುಗಿದ ಮೇಲೆ ಟೀ ಕುಡೀತಾ ಅವರು ಹೇಳಿದ್ದು ನನಗೆ ಹೊಸದು. ನಮ್ಮ ದೇಶದ 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ಒಬ್ಬ ಮನುಷ್ಯ ತನ್ನ ಸಮುದಾಯದ ನೀತಿ, ಸಂಪ್ರದಾಯ, ರಾಜಕೀಯ, ಧರ್ಮಕ್ಕೆ ಹೊಂದಿಕೊಳ್ತಿಲ್ಲ ಅನ್ನೋ ಕಾರಣಕ್ಕೆ ಅವನಿಗೆ ಮಾನಸಿಕ ಕಾಯಿಲೆ ಅಂತ ತೀರ್ಮಾನ ಮಾಡೋ ಹಾಗಿಲ್ಲವಂತೆ. ಹಾಗೆ ಕಾನೂನಲ್ಲಿ ಬರೆದು ಇಡಬೇಕಾಗಿ ಬಂತು ಅಂದ್ರೆ ಎಷ್ಟು ಜನಕ್ಕೆ ಹಾಗೆ ಆಗಿರಬೇಕು ಅಂತ ಯೋಚನೆ ಮಾಡ್ತಾ ಅವತ್ತು ಮೇಕಪ್ ತೆಗೆಯೋದೂ ಮರೆತು ಕೂತಿದ್ದೆ.

ನಾಟಕದ ಶುರುವಲ್ಲಿ ಮಲತಾಯಿ ಮಹಮ್ಮದನಿಗೆ ನಿದ್ದೆ ಮಾಡು ಅಂತಾಳೆ, ಅವನು ಮಾಡಲ್ಲ, ಮಾಡೋ ಕೆಲಸ ಬೆಟ್ಟದಷ್ಟಿದೆ ಅಂತಾನೆ. ಕೊನೇಲಿ ಸಿಂಹಾಸನದ ಮೇಲೆ ಕೂತಲ್ಲೇ ಕಣ್ಣು ಮುಚ್ಚುತ್ತೆ. ಆ ನಿದ್ದೆಗೆ ನಾನು ಏನೂ ಪ್ಲಾನ್ ಮಾಡಿರಲಿಲ್ಲ, ತಲೆ ಒಂದು ಕಡೆ ವಾಲಿಸಿ ಕೈ ಎರಡೂ ಮೊಣಕಾಲ ಮಧ್ಯೆ ಇಟ್ಕೊಂಡೆ. ಅಮ್ಮ ಶೋ ಮುಗಿದ ಮೇಲೆ ಒಳಗೆ ಬಂದವಳು ನಾಟಕದ ಬಗ್ಗೆ ಏನೂ ಹೇಳಲಿಲ್ಲ, ನನ್ನ ಕೈ ಹಿಡ್ಕೊಂಡು, "ನಿಮ್ಮ ಚಿಕ್ಕಪ್ಪ ಕೊನೆಕೊನೆಗೆ ಜಗಲಿ ಮೇಲೆ ಹಿಂಗೇ ಮಲಗ್ತಿದ್ದ ಕಣೋ, ನೀನು ಅವಾಗ ಸಣ್ಣವನು, ಎಲ್ಲಿ ನೋಡಿದ್ಯೋ" ಅಂದ್ಲು.