ಸೆಕೆಂಡ್ ಹ್ಯಾಂಡ್ ಬೈಕ್, ಸೋರುತ್ತಿದ್ದ ಎಂಜಿನ್

ನಾನು ಕೊಂಡಿದ್ದು 150 ಸಿಸಿಯ ಸೆಕೆಂಡ್ ಹ್ಯಾಂಡ್ ಬೈಕ್, ಕಾರ್ಬ್ಯುರೇಟರ್ ಇರೋ ಹಳೇ ಮಾಡೆಲ್. ಚಿಕ್ಕ ಏರು ಬಂದರೂ ಗೇರ್ ಇಳಿಸದೆ ಹತ್ತುತ್ತಿರಲಿಲ್ಲ. ಪವರ್ ಬೇಕು ಅಂತ ಫ್ರೀ-ಫ್ಲೋ ಸೈಲೆನ್ಸರ್, ತೆರೆದ ಏರ್ ಫಿಲ್ಟರ್ ಹಾಕಿಸಿದೆ. ಸದ್ದು ಜಾಸ್ತಿಯಾಯಿತು, ಪಿಕಪ್ ಇನ್ನೂ ಕೆಟ್ಟಿತು. ಥ್ರಾಟಲ್ ತಿರುವಿದರೆ ಎಂಜಿನ್ ಮುಗ್ಗರಿಸುತ್ತಿತ್ತು. ಪ್ಲಗ್ ಬಿಚ್ಚಿದರೆ ತುದಿ ಸುಣ್ಣ ಬಳಿದಂತೆ ಬೆಳ್ಳಗಿತ್ತು. ಕಾರ್ಬ್ಯುರೇಟರ್‌ನಲ್ಲಿ ಪೆಟ್ರೋಲಿನ ಅಳತೆ ನಿರ್ಧರಿಸುವ ಜೆಟ್ ಬದಲಿಸದೆ ಗಾಳಿ ಮಾತ್ರ ಹೆಚ್ಚಿಸಿದರೆ ಇನ್ನೇನಾಗುತ್ತೆ? ಎರಡನ್ನೂ ಕಿತ್ತು ಹಳೆಯದನ್ನೇ ಕೂರಿಸಿದೆ.

ಆಮೇಲೆ ಮಾಡಿದ್ದು, ಮೊದಲೇ ಮಾಡಬೇಕಿದ್ದ ಕಂಪ್ರೆಷನ್ ಟೆಸ್ಟ್, ಅಂದರೆ ಸಿಲಿಂಡರ್ ಒಳಗೆ ಒತ್ತಡ ನಿಲ್ಲುತ್ತದೋ ಸೋರುತ್ತದೋ ನೋಡೋದು. ಎಂಜಿನ್ ಬಿಸಿ ಮಾಡಿ, ಪ್ಲಗ್ ಜಾಗಕ್ಕೆ ಗೇಜ್ ಹಾಕಿ, ಥ್ರಾಟಲ್ ಪೂರ್ತಿ ತೆರೆದು ಕಿಕ್ ಹೊಡೆದೆ. (ಮುಚ್ಚಿಟ್ಟು ಹೊಡೆದರೆ ಗೇಜ್ ಕಡಿಮೆಯೇ ತೋರಿಸುತ್ತದೆ.) 95 ಪಿಎಸ್‌ಐ (ಒತ್ತಡದ ಅಳತೆ) ಬಂತು, ಕಡಿಮೆಯೇ. ಅದೇ ತೂತಿನಿಂದ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ಹೊಡೆದಾಗ 130. ಆಯಿಲ್ ಸಂದು ಮುಚ್ಚಿದ್ದಕ್ಕೆ ಏರಿತು, ಅಂದರೆ ಪಿಸ್ಟನ್ ಸುತ್ತ ಸಂದು ಮುಚ್ಚುವ ರಿಂಗ್‌ಗಳು ಸವೆದಿವೆ. ಆದರೂ ಪೂರ್ತಿ ಏರಲಿಲ್ಲ, ಹಾಗಾಗಿ ಗಾಳಿ, ಹೊಗೆಯ ದಾರಿ ತೆರೆದು ಮುಚ್ಚುವ ವಾಲ್ವ್ ಮೇಲೂ ಅನುಮಾನ ಬಂತು.

ಹೆಡ್ ಬಿಚ್ಚಿ ಮಗುಚಿಟ್ಟೆ. ಪ್ಲಗ್ ಹಾಕಿ, ಚೇಂಬರ್‌ಗೆ ಪೆಟ್ರೋಲ್ ತುಂಬಿ, ವಾಲ್ವ್ ಹಿಂದಿನ ಎರಡೂ ಪೋರ್ಟಿಗೆ (ದಾರಿಗೆ) ಟಿಶ್ಯೂ ತುರುಕಿ ಕಾದೆ. ಒಂದು ನಿಮಿಷ ಆಗೋದರೊಳಗೆ ಎಕ್ಸಾಸ್ಟ್ ಕಡೆಯದು ಒದ್ದೆ. ಕಳ್ಳ ಸಿಕ್ಕಿದ! ಮೊದಲು ದಪ್ಪ ಗ್ರೈಂಡಿಂಗ್ ಪೇಸ್ಟ್, ನಂತರ ನುಣ್ಣನೆಯದು ಹಚ್ಚಿ, ವಾಲ್ವ್ ಸುತ್ತ ಬೂದು ಬಣ್ಣದ ಗೆರೆ ಎಲ್ಲೂ ತುಂಡಾಗದೆ ಒಂದೇ ಸಮ ಮೂಡೋವರೆಗೆ ತಿಕ್ಕಿದೆ. ಅಂಗೈ ಬೊಬ್ಬೆ ಬಂತು. ಪೇಸ್ಟಿನ ಕಣವೊಂದೂ ಉಳಿಯದಂತೆ ತೊಳೆಯೋದಕ್ಕೂ ಅಷ್ಟೇ ಹೊತ್ತು ಹಿಡಿಯಿತು.

ಸಿಲಿಂಡರ್‌ನ ಮೇಲ್ಭಾಗದಲ್ಲಿ ಉಗುರಿಗೆ ಸಿಗುವಷ್ಟು ಏಣು ಬಿದ್ದಿತ್ತು. 0.50 ಓವರ್‌ಸೈಜ್ (ಅರ್ಧ ಮಿಮೀ ದೊಡ್ಡ) ಪಿಸ್ಟನ್ ಮೊದಲು ತಂದು, ಅದನ್ನೇ ಮೆಕ್ಯಾನಿಕ್ ಕೈಗೆ ಕೊಟ್ಟು ಸಿಲಿಂಡರನ್ನು ಅದರ ಅಳತೆಗೆ ಕೊರೆಸಿ ಬೋರ್ ಮಾಡಿಸಿದೆ. ಪಿಸ್ಟನ್ ಅಳೆಯದೆ ಬೋರ್ ಮಾಡುವವರ ಹತ್ತಿರ ಹೋಗಲೇಬೇಡಿ. ಇಲ್ಲೊಂದು ಲೆಕ್ಕ ನೋಡಿ: 57 ಮಿಮೀ ಬೋರ್ (ಸಿಲಿಂಡರ್ ಒಳಗಿನ ಅಗಲ), 58 ಮಿಮೀ ಸ್ಟ್ರೋಕ್ (ಪಿಸ್ಟನ್ ಓಡುವ ದೂರ) ಇದ್ದ ಎಂಜಿನ್ 148 ಸಿಸಿ. ಬೋರ್ 57.5 ಆದಾಗ 150.6. ಇಷ್ಟು ಖರ್ಚು ಮಾಡಿ ಸಿಕ್ಕಿದ್ದು ಎರಡೂವರೆ ಸಿಸಿ!

ಹೊಸ ರಿಂಗನ್ನೂ ಹಾಗೇ ಹಾಕಲಿಲ್ಲ. ಬೋರಿನೊಳಗೆ ಇಟ್ಟು, ಪಿಸ್ಟನ್ ತಲೆಯಿಂದ ನೇರಕ್ಕೆ ತಳ್ಳಿ, ತುದಿಗಳ ನಡುವಿನ ಗ್ಯಾಪನ್ನು ಫೀಲರ್ ಗೇಜಿನಲ್ಲಿ ಅಳೆದೆ. 25 ಮಿಮೀ ಬೋರಿಗೆ 0.1 ಮಿಮೀ ಅನ್ನೋ ಲೆಕ್ಕದಲ್ಲಿ ಸುಮಾರು 0.23 ಇರಬೇಕು, ಇದ್ದದ್ದು 0.15. ಬಿಸಿಗೆ ಹಿಗ್ಗಿ ತುದಿಗಳು ಡಿಕ್ಕಿ ಹೊಡೆದರೆ ಹೊಸ ಬೋರ್ ಗೀರಿಬಿಡುತ್ತೆ. ಒಂದೇ ತುದಿಯನ್ನು ಅರದಲ್ಲಿ ಸ್ವಲ್ಪ ಸ್ವಲ್ಪವೇ ಉಜ್ಜಿ 0.25ಕ್ಕೆ ತಂದೆ. ಪಿಸ್ಟನ್ ಪಿನ್ ಜಾರದಂತೆ ಹಿಡಿಯುವ ಸರ್ಕ್ಲಿಪ್ (ಸ್ಪ್ರಿಂಗ್ ಉಂಗುರ) ಕೂರಿಸುವಾಗ ಅದು ಚಿಮ್ಮಿ ಬಿತ್ತು. ಪುಣ್ಯಕ್ಕೆ ಕ್ರ್ಯಾಂಕ್‌ಕೇಸ್ ಬಾಯಿಗೆ ಬಟ್ಟೆ ತುರುಕಿದ್ದೆ.

ರನ್ನಿಂಗ್-ಇನ್‌ನಲ್ಲಿ, ಅಂದರೆ ಹೊಸ ಭಾಗಗಳು ಒಂದಕ್ಕೊಂದು ಹೊಂದಿಕೊಳ್ಳೋವರೆಗೆ, ಒಂದೇ ವೇಗ ಹಿಡಿಯದೆ, ಟಾಪ್ ಗೇರಿನಲ್ಲಿ ಎಳೆಸದೆ ಓಡಿಸಿದೆ. 500 ಕಿಮೀ ಆದ ಮೇಲೆ ಗೇಜ್ 160 ತೋರಿಸಿತು. ಅದೇ ಏರನ್ನು ಈಗ ಗೇರ್ ಇಳಿಸದೆ ಹತ್ತುತ್ತೆ. ಆದರೆ ವಾಲ್ವ್ ಒತ್ತುವ ಟ್ಯಾಪೆಟ್‌ನ ಸದ್ದು ಪೂರ್ತಿ ನಿಂತೇ ಹೋಗಿತ್ತು. ಅದು ಖುಷಿಪಡೋ ವಿಷಯ ಅಲ್ಲ. ತಿಕ್ಕಿದ ವಾಲ್ವ್ ಸೀಟಿನಲ್ಲಿ ಇನ್ನಷ್ಟು ಒಳಗೆ ಕೂತು, ಟ್ಯಾಪೆಟ್‌ಗೂ ವಾಲ್ವ್‌ಗೂ ನಡುವಿನ ಗ್ಯಾಪ್ ಕಡಿಮೆಯಾಗಿತ್ತು. ಹಾಗೇ ಬಿಟ್ಟಿದ್ದರೆ ವಾಲ್ವ್ ಸರಿಯಾಗಿ ಮುಚ್ಚದೆ ಮತ್ತೆ ಅದೇ ಸೋರಿಕೆ. ಎಂಜಿನ್ ತಣ್ಣಗಾದ ಮೇಲೆ ಗ್ಯಾಪ್ ಸರಿ ಮಾಡಿದೆ. ಸಣ್ಣಗೆ ಟಿಕ್ ಟಿಕ್ ಕೇಳಿಸಿದಾಗಲೇ ಸಮಾಧಾನ.